ಮಿತ್ತ್ ಟೇಶನಿನ ತೂಕ

ಜೆಪ್ಪುವಿನಿಂದ ನಾಲ್ಕು ಲಾರಿ ಬಂತು, ಬಂದರಿನ ಗುಜರಿಗೆ.
ಚೀಟಿ ಬರೆದವನು ನಾನೇ:
ಎರಕದ ಕಂಬ ಹದಿನಾರು, ತೊಲೆ, ಕಟಕಟೆ,
ನಟ್ಟು ಬೋಲ್ಟು ಗೋಣಿ ಮೂರು, ಮರದ ಬೆಂಚು ಒಂದು.
ಒಟ್ಟು ಮೂವತ್ತೊಂದು ಟನ್ನು ಚಿಲ್ಲರೆ.
'ಅಷ್ಟೇಯಾ?' ಅಂದರು ಇದಿನಬ್ಬ ಸಾಹುಕಾರರು,
'ನಿಂತಿರುವಾಗ ಜಾಸ್ತಿ ಕಾಣ್ತಿತ್ತು ಮಾರಾಯ.'

ಕಾಗದದಲ್ಲಿ ಅದಕ್ಕೆ ಬೇರೆ ಹೆಸರಿತ್ತು.
ಊರವರ ಬಾಯಲ್ಲಿ ಮಿತ್ತ್ ಟೇಶನ್,
ಮೇಲಿನದ್ದು ಎಂದಷ್ಟೇ ಅರ್ಥ.
ಕೆಳಗೆ ಗದ್ದೆ, ಗದ್ದೆಗೆ ನೇತ್ರಾವತಿಯ ನೆರೆ,
ಅದಕ್ಕೇ ಯಾರೋ ದೊರೆ ಹಳಿಯನ್ನು ಎತ್ತಿ ಹಿಡಿದನಂತೆ
ನೆರಿಗೆ ಎತ್ತಿ ತೋಡು ದಾಟುವವಳ ಹಾಗೆ.
ಗದ್ದೆ ಹೋಯಿತು.
ಹಂಚಿನ ಕಾರ್ಖಾನೆ ಬಂತು, ಅದೂ ಹೋಯಿತು.
ನೆರೆ ಬೇರೆ ದಾರಿ ಹಿಡಿಯಿತು.
ಎತ್ತಿದ ನೆರಿಗೆ ಇಳಿಸಲಿಕ್ಕೆ ಮಾತ್ರ
ಯಾರಿಗೂ ನೆನಪಾಗಲಿಲ್ಲ, ಎಪ್ಪತ್ತು ವರ್ಷ.

ಮೇಲೆ ಕಾಯುವವರು, ಕೆಳಗೆ ಬದುಕುವವರು.
ಹಲಗೆಯ ಸಂದಿನಿಂದ ಇಳಿಯುತ್ತಿದ್ದವು
ಬೀಡಿಯ ಬೂದಿ, ನಾಲ್ಕಾಣೆ, ಮಕ್ಕಳ ಉಚ್ಚೆ,
ಬಂಗುಡೆ ಬುಟ್ಟಿಯ ನೀರು.
ಕೊಡೆ ರಿಪೇರಿಯ ರೆಮಿಡಿಯಾ ಬಾಯಿಯ ಮಡಿಲಿಗೆ ಒಮ್ಮೆ
ಯಾರದೋ ಮದುವೆಯ ಉಂಗುರ ಬಿತ್ತು.
ಮೂರು ತಿಂಗಳು ಕಾದಳು, ಯಾರಾದರೂ ಇಳಿದು ಬಂದು ಕೇಳಿಯಾರು ಎಂದು.
ಆಮೇಲೆ ಮಾರಿದಳು.
ಆಮೇಲೆ ಬೇಸರಪಟ್ಟಳು.

ಐತಪ್ಪ ಭಂಡಾರಿಗೆ ಟೈಮ್‌ಟೇಬಲ್ ಬೇಡ.
ಮೊದಲು ಕನ್ನಡಿ ನಡುಗುತ್ತದೆ, ಮತ್ತೆ ನೀರಿನ ಬಟ್ಟಲು,
ಅಷ್ಟರೊಳಗೆ ಗಿರಾಕಿಯ ಗಂಟಲಿನಿಂದ ಕತ್ತಿ ಎತ್ತಿ ಆಗಿರುತ್ತದೆ.
ಗಾಡಿ ದಾಟುವ ತನಕ
ನೊರೆ ಮೆತ್ತಿದ ಮೋರೆಗಳು ಸುಮ್ಮನೆ ಮಾಡು ನೋಡುತ್ತವೆ.
ನಲವತ್ತು ವರ್ಷದಲ್ಲಿ ಒಂದು ಗೀರಿಲ್ಲ.
ಗಾಡಿ ನಿಂತ ಮೇಲೆ, ಒಂದೇ ತಿಂಗಳಲ್ಲಿ,
ಎರಡು ಸಲ ಕೊಯ್ದ.

ನನ್ನಮ್ಮ ಸೇಸಿ ಕಾರ್ಖಾನೆಯಲ್ಲಿ ಆವೆಮಣ್ಣು ಹೊತ್ತವಳು.
ಹತ್ತಿರದ ಸಮುದ್ರವನ್ನು ರಾತ್ರಿ ಕೇಳಿದ್ದಳು, ಅದರ ಮೀನು ತಿಂದಿದ್ದಳು,
ಇಡಿಯಾಗಿ ಕಂಡವಳಲ್ಲ.
ಬಟವಾಡೆಯ ಶನಿವಾರ ಹತ್ತು ಪೈಸೆಯ ಪ್ಲಾಟ್‌ಫಾರ್ಮ್ ಟಿಕೇಟು,
ಮೂವತ್ತೆಂಟು ಮೆಟ್ಟಿಲು, ನಾನು ಸೊಂಟದಲ್ಲಿ.
'ಯಾರು ಬರುವುದು?' ಎಂದು ಕೇಳಿದರಂತೆ ಮಾಸ್ತರರು ಕುಂಞಂಬು.
'ಯಾರೂ ಇಲ್ಲ' ಅಂದಳಂತೆ.
ಮುಂದಿನ ಶನಿವಾರದಿಂದ ಅವರು ಕೇಳಲಿಲ್ಲ,
ಟಿಕೇಟನ್ನೂ.

ಪಡು ತುದಿಯ ಬೆಂಚು. ಅಲ್ಲಿಂದ
ಮಾಡು, ಮಾಡು, ಮಾಡು,
ಅವಳ ತಲೆಯ ಮೇಲಿಂದ ಹೋದ ಮಣ್ಣೆಲ್ಲ ಅಲ್ಲಿ ಬೆಂದು ಕವುಚಿ ಮಲಗಿದೆ,
ಅದರಾಚೆ ಹೊಳೆ, ಅಳಿವೆ,
ಅದರಾಚೆ ಅದು.
ಗೋಳಿಬಜೆ ತಣ್ಣಗಾಗುವ ತನಕ ಮಾತಿಲ್ಲ.
ಅವಳೇನು ಕಂಡಳೋ. ನನಗೆ ನೆನಪಿರುವುದು
ಸೆರಗಿನ ಒದ್ದೆಮಣ್ಣಿನ ವಾಸನೆ ಮಾತ್ರ.

ಮೊದಲು ಗಾಡಿ ಕಡಿಮೆಯಾದವು, ಆಮೇಲೆ ಬಲ್ಬು.
ಪೇಪರಿನಲ್ಲಿ ನಾಲ್ಕು ಸಾಲು: ಶಿಥಿಲ, ಅಪಾಯ, ತೆರವು.
ಗ್ಯಾಸ್ ಕಟ್ಟರು ಮೂರು ರಾತ್ರಿ ಉರಿಯಿತು.
ಮನೆ ಕೆಡವಿದರೆ ಪಂಚಾಂಗ ಉಳಿಯುತ್ತದೆ,
ನಿಂತು, ಇಲ್ಲಿ ಒಲೆ, ಇಲ್ಲಿ ತೊಟ್ಟಿಲು ಎನ್ನಬಹುದು.
ಇದರದ್ದನ್ನು ಎಲ್ಲಿ ನಿಂತು ಹೇಳುವುದು?
ಅಮ್ಮ ಕೂತ ಜಾಗ ಈಗಲೂ ಅಲ್ಲೇ ಇದೆ,
ನೆಲದಿಂದ ಇಪ್ಪತ್ತೆರಡು ಅಡಿ ಮೇಲೆ.
ಕಾಗೆಗಳು ಅದರ ನಡುವಿನಿಂದ ಹೋಗುತ್ತವೆ.

ನಾಲ್ಕನೆಯ ಲಾರಿಯಲ್ಲಿ ಬೆಂಚು ಇತ್ತು.
ಮುಳ್ಳು ನೋಡಲು ಹುಡುಗನನ್ನು ಕೂರಿಸಿ
ನಾನು ಲಾರಿ ಹತ್ತಿದೆ, ಹಗ್ಗ ಸರಿ ಮಾಡುವ ನೆವದಲ್ಲಿ.
ಕೂತೆ.
ಕಂಡದ್ದು ಬಂದರಿನ ಗೋಡೆ, ಒಣಮೀನಿನ ಅಂಗಡಿ.
'ಆಯ್ತಾ ಅಣ್ಣಾ?' ಹುಡುಗ ಕೂಗಿದ.
ಆಯ್ತು, ಬರಕೋ ಅಂದೆ.

ಚೀಟಿಯಲ್ಲಿ ಐವತ್ತೆಂಟು ಕೇಜಿ ಜಾಸ್ತಿ ಇದೆ.
ಸಾಹುಕಾರರಿಗೆ ಹೇಳಲಿಲ್ಲ.